ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದ ಮೇಲೂ ಬೆನ್ನು ಹಿಡಿಯುದು, ಗಂಟು ಊದುದು ಎಂತಕ್ಕೆ?

ಲ್ಯಾಬ್ ರಿಪೋರ್ಟ್ ಹಿಡ್ಕೊಂಡು ಬರೋರಲ್ಲಿ ಸುಮಾರು ಜನ ಮೊದ್ಲು ಹೇಳುದೇ ಇದು, "ಆರ್‌ಎ ಫ್ಯಾಕ್ಟರ್ ನೆಗೆಟಿವ್, ಯೂರಿಕ್ ಆಸಿಡ್ ನಾರ್ಮಲ್, ವಾತ ಎಂತದೂ ಇಲ್ಲ ಅಂದ್ರು". ಅದೇ ಬಾಯಲ್ಲಿ ಮುಂದೆ, ಬೆಳಿಗ್ಗೆ ಎದ್ದು ಬಚ್ಚಲಮನೆವರೆಗೆ ಹೋಗ್ಲಿಕ್ಕೆ ಗೋಡೆ ಹಿಡ್ಕೊಂಡು ಹೋಗ್ಬೇಕು ಅಂತಾರೆ. ನಾನು ಕುಮಟಾ ಬದಿಲಿ ಫಿಸಿಯೋಥೆರಪಿ ಮಾಡೋನು, ಡಾಕ್ಟರಲ್ಲ, ಔಷಧಿ ಬರಿಯುದು ನನ್ನ ಕೆಲ್ಸ ಅಲ್ಲ. ಆದ್ರೆ "ಡಿಸ್ಕ್ ಪ್ರಾಬ್ಲಂ" ಅಂತ ಚೀಟಿ ಬರೆಸ್ಕೊಂಡು ನಮ್ಮ ಹತ್ರ ಬರೋರಲ್ಲಿ ಆಗಾಗ ಒಬ್ರದ್ದು ಡಿಸ್ಕ್ ಅಲ್ವೇ ಅಲ್ಲ ಅಂತ ಮಾತಾಡ್ತಾ ಮಾತಾಡ್ತಾನೇ ಗೊತ್ತಾಗ್ತದೆ, ಹಾಗಾಗಿ ಇದನ್ನ ಹನಿ ಬಿಡಿಸಿ ಬರೀವಾ ಅನ್ಸ್ತು.

ಮೊದ್ಲು ಆ ಆರ್‌ಎ ಫ್ಯಾಕ್ಟರ್ ಕಥೆ ಮುಗಿಸುವಾ. ಅದು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ, ಗಂಟು ಊದೋ ಒಂದು ಕಾಯಿಲೆಗೆ ಸಂಬಂಧಪಟ್ಟ ರಕ್ತದ ಟೆಸ್ಟು, ಅದ್ರಲ್ಲೂ ಆ ಕಾಯಿಲೆ ಇದ್ದೋರಲ್ಲೇ ಕೆಲವ್ರಿಗೆ ನೆಗೆಟಿವ್ ಬರ್ತದೆ, ಕಾಯಿಲೆ ಇಲ್ಲದ ವಯಸ್ಸಾದೋರಿಗೆ ಪಾಸಿಟಿವ್ ಬರುದೂ ಉಂಟು. ಇನ್ನೊಂದು ಇಡೀ ಗುಂಪೇ ಬೇರೆ ಇದೆ, ಅದ್ರಲ್ಲಿ ಈ ಟೆಸ್ಟು ನೆಗೆಟಿವ್ ಇರುದೇ ಸಾಮಾನ್ಯ. ಒಂದು ಕಾಲದಲ್ಲಿ ಅವನ್ನೂ ರುಮಟಾಯ್ಡ್‌ದೇ ಬೇರೆ ಬೇರೆ ನಮೂನೆ ಅಂತ ತಿಳ್ಕೊಂಡಿದ್ರು. 1974ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಮೋಲ್, ರೈಟ್ ಮತ್ತೆ ಅವ್ರ ಜೊತೆಯವ್ರು ಕೂತು, ಇಲ್ಲ ಇವೆಲ್ಲ ಒಂದಕ್ಕೊಂದು ನಂಟಿರೋ ಬೇರೆನೇ ಕಾಯಿಲೆಗಳು ಅಂತ ಒಟ್ಟುಮಾಡಿ ಬರೆದ್ರು. ಈಗ ಈ ಗುಂಪಿಗೆ ಸ್ಪಾಂಡಿಲೋ ಆರ್ಥ್ರೈಟಿಸ್ ಅಂತ ಹೆಸ್ರು. ಅದ್ರೊಳಗೆ ಮುಖ್ಯವಾಗಿ ಬೆನ್ನು ಹಿಡಿಯೋ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ ಜೊತೆ ಬರೋ ಸೋರಿಯಾಟಿಕ್ ಆರ್ಥ್ರೈಟಿಸ್, ರಿಯಾಕ್ಟಿವ್ ಆರ್ಥ್ರೈಟಿಸ್, ಕರುಳಿನ ಉರಿಯೂತದ ಜೊತೆ ಬರೋ ಆರ್ಥ್ರೈಟಿಸ್, ಮತ್ತೆ ಯಾವ್ದಕ್ಕೂ ಸರಿಯಾಗಿ ಹೊಂದದೇ ಉಳಿಯೋ ಒಂದಿಷ್ಟು ಕೇಸು. ಹೆಸ್ರು ಕೇಳಿ ಗಾಬರಿ ಬೀಳ್ಬೇಡಿ, ಬಿಡಿಸ್ತಾ ಹೋದ್ರೆ ಅಷ್ಟೇನೂ ಗೋಜಲಿಲ್ಲ. ಮತ್ತೆ ನಮ್ಮಲ್ಲಿ ಕುತ್ತಿಗೆ ನೋವು ಬಂದವ್ರೆಲ್ಲ ನಂಗೆ ಸ್ಪಾಂಡಿಲೈಟಿಸ್ ಅಂತಾರಲ್ಲ, ಹೆಚ್ಚಿನವ್ರದ್ದು ಸವೆತ, ಸ್ಪಾಂಡಿಲೋಸಿಸ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬೆನ್ನಿಂದ ಶುರು ಮಾಡುವಾ, ಯಾಕಂದ್ರೆ ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪುದು ಅಲ್ಲೇ. ನಮ್ಮ ಜಿಲ್ಲೆಲಿ ಬೆನ್ನು ನೋಯದ ಮನುಷ್ಯ ಸಿಗುದು ಕಷ್ಟ. ಅಡಿಕೆ ಕೊನೆ ಹೊತ್ತವ್ರಿಗೆ ನೋವು, ಬಲೆ ಎಳೆದವ್ರಿಗೆ ನೋವು, ಶಿರಸಿಯಿಂದ ಕುಮಟಾಕ್ಕೆ ದಿನಾ ಬೈಕಲ್ಲಿ ಓಡಾಡೋರಿಗೆ ನೋವು. ಈ ಕೆಲಸದ ನೋವಿಗೆ ಒಂದು ಲಕ್ಷಣ ಇದೆ, ಕೆಲ್ಸ ಮಾಡಿದಷ್ಟು ಏರ್ತದೆ, ಸಂಜೆಗೆ ಜೋರು, ಮಲಗಿದ್ರೆ ಆರಾಮು. ಉರಿಯೂತದ ಬೆನ್ನುನೋವು ಇದಕ್ಕೆ ಸರೀ ಉಲ್ಟಾ. ಮಲಗಿದ್ರೆ ಹೆಚ್ಚು. ರಾತ್ರಿ ಎರಡನೇ ಅರ್ಧಕ್ಕೆ, 3 ಗಂಟೆ 4 ಗಂಟೆ ಹೊತ್ತಿಗೆ ಎಚ್ಚರ ಆಗಿ ಎದ್ದು ಕೂತ್ಕೊಂಡು ನಾಲ್ಕು ಹೆಜ್ಜೆ ತಿರುಗಾಡಿದ್ರೆ ಮಾತ್ರ ಸಮಾಧಾನ. ಬೆಳಿಗ್ಗೆ ಎದ್ದಾಗ ಬೆನ್ನು ಸೆಟೆದು ಹಲಗೆ ಆಗಿರ್ತದೆ, ಅರ್ಧ ಗಂಟೆ, ಕೆಲವ್ರಿಗೆ ಎರಡು ಗಂಟೆನೂ ಬೇಕು ಬಿಡ್ಲಿಕ್ಕೆ, ಆಮೇಲೆ ಕೆಲ್ಸಕ್ಕೆ ಹೋದ್ರೆ ಮಧ್ಯಾಹ್ನದ ಹೊತ್ತಿಗೆ ಅಡ್ಡಿಲ್ಲ. ಯಾವತ್ತು ಶುರು ಆಯ್ತು ಅಂತ ದಿನ ಹೇಳ್ಲಿಕ್ಕೆ ಬರುದಿಲ್ಲ, ಮೆಲ್ಲಗೆ ಹತ್ತಿಕೊಂಡಿರ್ತದೆ. ವಯಸ್ಸು ಸಾಮಾನ್ಯವಾಗಿ 40ರ ಒಳಗೆ, ಹೆಚ್ಚಿನವ್ರಿಗೆ ಇಪ್ಪತ್ತರ ಆಸುಪಾಸು. 60 ದಾಟಿದ ಮೇಲೆ ಹೊಸದಾಗಿ ಶುರುವಾದ ಬೆನ್ನುನೋವು ಈ ಗುಂಪಿನದ್ದು ಆಗುದು ಬಹಳ ಅಪರೂಪ.

ಹಾಗಾಗಿ ನಾನು ಎಲ್ರಿಗೂ ಮೊದ್ಲು ಕೇಳುದು ಒಂದೇ ಪ್ರಶ್ನೆ, "ಭಾನುವಾರ ಇಡೀ ದಿನ ಮನೇಲಿ ಬಿದ್ಕೊಂಡ್ರೆ ನೋವು ಕಡಿಮೆ ಆಗ್ತದಾ ಜಾಸ್ತಿ ಆಗ್ತದಾ?" ಜಾಸ್ತಿ ಅಂದ್ರೆ ನನ್ನ ಕಿವಿ ನೆಟ್ಟಗಾಗ್ತದೆ. ಇಂತವ್ರಿಗೆ ಬೆಲ್ಟ್ ಕಟ್ಟಿ ಮೂರು ವಾರ ಬೆಡ್ ರೆಸ್ಟ್ ಅಂತ ಹೇಳಿದ್ರೆ ಹೆಂಗಾಗ್ಬೇಡ ಹೇಳಿ, ರೋಗಕ್ಕೆ ಬೇಕಾದ್ದನ್ನೇ ಕೊಟ್ಟ ಹಾಗೆ.

ಇನ್ನೊಂದು ಸುಳಿವು ಜಾಗದ್ದು. ಸೊಂಟದ ಕೆಳಗೆ, ಬೆನ್ನುಹುರಿ ಎಲುಬು ಬಂದು ಸೊಂಟದ ಅಗಲ ಎಲುಬಿಗೆ ಕೂಡೋ ಕಡೆ ಎಡಕ್ಕೊಂದು ಬಲಕ್ಕೊಂದು ಸಂದಿದೆ, ಸ್ಯಾಕ್ರೋ ಇಲಿಯಾಕ್ ಜಾಯಿಂಟ್ ಅಂತ, ಎಸ್‌ಐ ಜಾಯಿಂಟ್ ಅಂದ್ರೂ ಅದೇ. ಉರಿಯೂತ ಹೆಚ್ಚಾಗಿ ಅಲ್ಲೇ ಮೊದ್ಲು. ಅದು ನೋಯುದು ಕುಂಡೆಲಿ. ಈ ವಾರ ಬಲಗಡೆ, ಮುಂದಿನ ವಾರ ಎಡಗಡೆ, ಹೀಗೆ ಬದಿ ಬದಲಾಯಿಸ್ತಾ ಇರ್ತದೆ. ತೊಡೆ ಹಿಂದೆ ಇಳಿತದೆ, ಆದ್ರೆ ಸಾಮಾನ್ಯಕ್ಕೆ ಮೊಣಕಾಲು ದಾಟಿ ಪಾದಕ್ಕೆ ಹೋಗುದಿಲ್ಲ, ಜೋಮು ಹಿಡಿಯುದಿಲ್ಲ. ಸಯಾಟಿಕಾ, ಅಂದ್ರೆ ಸೊಂಟದಲ್ಲಿ ನರ ಒತ್ತಿ ಬರೋ ನೋವು ಆದ್ರೆ ಕಾಲಿನ ಕೆಳಗಿನವರೆಗೆ ಕರೆಂಟ್ ಹೊಡೆದ ಹಾಗೆ ಇಳಿತದೆ. ನಾಚಿಕೆಗೆ ಕುಂಡೆ ನೋವು ಅಂತ ಹೇಳದೆ "ಸೊಂಟ ನೋವು" ಅಂದುಬಿಡ್ತಾರೆ ನಮ್ಮ ಜನ, ಅಲ್ಲಿಗೆ ಎಂಆರ್‌ಐ ಸೊಂಟದ ಡಿಸ್ಕಿಂದು ತೆಗೀತಾರೆ, ಎಲ್4-ಎಲ್5, ಅಂದ್ರೆ ಸೊಂಟದ ನಾಲ್ಕು ಐದನೇ ಮಣಿಯ ನಡುವಿನ ಡಿಸ್ಕ್, ಹನಿ ಉಬ್ಬಿದೆ ಅಂತ ಬರ್ತದೆ. ನೋವೇ ಇಲ್ಲದ ಆರೋಗ್ಯವಂತರ ಎಂಆರ್‌ಐ ತೆಗೆದ್ರೂ ಸುಮಾರು ಜನಕ್ಕೆ ಆ ಉಬ್ಬು ಕಾಣ್ತದೆ. ಎಸ್‌ಐ ಜಾಯಿಂಟ್ ಆ ಫಿಲ್ಮಲ್ಲಿ ಸರಿಯಾಗಿ ಬಂದೇ ಇರುದಿಲ್ಲ. ಅದಕ್ಕೆ ಬೇರೆನೇ ಎಂಆರ್‌ಐ ಬೇಕು, ಎಲುಬಿನೊಳಗಿನ ನೀರು ಎದ್ದು ಕಾಣೋ ಸ್ಟಿರ್ ಅನ್ನೋ ಸೀಕ್ವೆನ್ಸ್ ಜೊತೆ.

ಎಕ್ಸ್‌ರೇಲಿ ಕಾಣುದಿಲ್ವಾ ಅಂದ್ರೆ ಕಾಣ್ತದೆ, ಆದ್ರೆ ತಡವಾಗಿ, ವರ್ಷಗಟ್ಟಲೆ ಉರಿಯೂತ ಇದ್ದು ಸಂದು ಸವೆದು ಗಟ್ಟಿಯಾಗ್ಲಿಕ್ಕೆ ಶುರುವಾದ ಮೇಲೆ. 1984ರ ನ್ಯೂಯಾರ್ಕ್ ಮಾನದಂಡ ಅಂತ ಒಂದಿದೆ, ಅದ್ರ ಪ್ರಕಾರ ಎಕ್ಸ್‌ರೇಲಿ ಎಸ್‌ಐ ಜಾಯಿಂಟ್ ಹಾಳಾಗಿದ್ದು ಕಾಣ್ಲೇಬೇಕು, ಆಗ ಮಾತ್ರ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. 2009ರಲ್ಲಿ ಅಸಾಸ್ ಅನ್ನೋ ಅಂತರರಾಷ್ಟ್ರೀಯ ತಜ್ಞರ ಗುಂಪು ಇದನ್ನ ಸಡಿಲ ಮಾಡ್ತು. 45ರ ಒಳಗೆ ಶುರುವಾದ, 3 ತಿಂಗಳಿಗಿಂತ ಜಾಸ್ತಿ ಇರೋ ಬೆನ್ನುನೋವು, ಅದ್ರ ಮೇಲೆ ಎಂಆರ್‌ಐ ಅಥವಾ ಎಕ್ಸ್‌ರೇಲಿ ಎಸ್‌ಐ ಉರಿಯೂತ ಮತ್ತೆ ಈ ಗುಂಪಿನ ಒಂದು ಲಕ್ಷಣ, ಇಲ್ಲಾಂದ್ರೆ ಎಚ್‌ಎಲ್‌ಎ-ಬಿ27 ಪಾಸಿಟಿವ್ ಮತ್ತೆ ಎರಡು ಲಕ್ಷಣ, ಇಷ್ಟಿದ್ರೆ ಆಕ್ಸಿಯಲ್, ಅಂದ್ರೆ ಬೆನ್ನು ಹಿಡಿಯೋ, ಸ್ಪಾಂಡಿಲೋ ಆರ್ಥ್ರೈಟಿಸ್ ಗುಂಪಿಗೆ ಸೇರಿಸ್ಬಹುದು ಅಂತ. ಹಾಗಾಗಿ ಒಬ್ಬ ಡಾಕ್ಟರು "ಆಕ್ಸಿಯಲ್ ಎಸ್‌ಪಿಎ" ಅಂತ ಬರೆದು ಇನ್ನೊಬ್ರು "ಎ.ಎಸ್." ಅಂತ ಬರೆದ್ರೆ ಜಗಳ ಅಲ್ಲ ಅದು, ಒಂದೇ ಕಾಯಿಲೆನ ಎಕ್ಸ್‌ರೇಲಿ ಕಾಣುದಕ್ಕಿಂತ ಮೊದ್ಲು ಹಿಡಿದ್ದು, ನಂತರ ಹಿಡಿದ್ದು ಅಷ್ಟೇ ವ್ಯತ್ಯಾಸ. ಶುರುವಿನ ಹಂತದಲ್ಲಿರೋ ಎಲ್ರೂ ಮುಂದಿನ ಹಂತಕ್ಕೆ ಹೋಗೇ ಹೋಗ್ತಾರೆ ಅಂತೂ ಇಲ್ಲ. ಪುಸ್ತಕದಲ್ಲಿ ತೋರಿಸೋ ಬಿದಿರಿನ ಗಳದ ಹಾಗೆ ಕೂಡಿಹೋದ ಬೆನ್ನು ಕೊನೆ ಹಂತ, ಸುಮಾರು ಜನ ಅಲ್ಲಿವರೆಗೆ ಹೋಗುದೇ ಇಲ್ಲ.

ಎಚ್‌ಎಲ್‌ಎ-ಬಿ27 ಅಂದ್ನಲ್ಲ, ಅದು ಹುಟ್ಟಿನಿಂದ ಬರೋ ಒಂದು ಜೀನು. ಈ ಕಾಯಿಲೆಗೂ ಅದಕ್ಕೂ ನಂಟಿದೆ ಅಂತ ಗೊತ್ತಾಗಿದ್ದು 1973ರಲ್ಲಿ. ಆಂಕಿಲೋಸಿಂಗ್ ಇದ್ದೋರಲ್ಲಿ ಬಹುಪಾಲು ಜನಕ್ಕೆ ಪಾಸಿಟಿವ್, ನಿಜ. ಆದ್ರೆ ತಿರುಗಿಸಿ ನೋಡಿದ್ರೆ ಲೆಕ್ಕ ಬೇರೆ, ಜೀನ್ ಇದ್ದ 100 ಜನರಲ್ಲಿ 90ಕ್ಕೂ ಜಾಸ್ತಿ ಜನಕ್ಕೆ ಜೀವಮಾನದಲ್ಲಿ ಈ ಕಾಯಿಲೆ ಬರುದೇ ಇಲ್ಲ. ಅದಕ್ಕೇ ಅಣ್ಣನಿಗೆ ಕಾಯಿಲೆ ಇದೆ ಅಂತ ಏನೂ ನೋವಿಲ್ಲದ ತಮ್ಮನಿಗೂ ತಂಗಿಗೂ ಟೆಸ್ಟ್ ಮಾಡಿಸಿ ಪಾಸಿಟಿವ್ ಬಂತು ಅಂತ ಮದುವೆ ಮಾತುಕತೆ ನಿಲ್ಲಿಸೋ ಮಟ್ಟಕ್ಕೆ ಹೋಗುದು ನನ್ನ ಪ್ರಕಾರ ಶುದ್ಧ ತಲೆಹರಟೆ. ಇನ್ನು ಇಎಸ್‌ಆರ್, ಸಿಆರ್‌ಪಿ, ಅಂದ್ರೆ ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡೋ ರಕ್ತದ ಟೆಸ್ಟು, ಅವು ಬೆನ್ನಿನ ಕಾಯಿಲೆ ಇರೋ ಸುಮಾರು ಜನಕ್ಕೆ ನಾರ್ಮಲ್ಲೇ ಇರ್ತಾವೆ. ಯಾವ ಒಂದು ಟೆಸ್ಟೂ ಹೌದು ಅಂತನೂ ಹೇಳುದಿಲ್ಲ, ಇಲ್ಲ ಅಂತನೂ ಹೇಳುದಿಲ್ಲ, ಕಥೆ ಕೇಳೋರು ಬೇಕು.

ಹೆಂಗಸ್ರ ವಿಷಯ ಬೇರೆ ಹೇಳ್ಬೇಕು. ಇದು ಗಂಡಸ್ರ ಕಾಯಿಲೆ ಅಂತ ಬಹಳ ವರ್ಷ ನಂಬಿದ್ರು, ಈಗ ಎಕ್ಸ್‌ರೇಲಿ ಇನ್ನೂ ಕಾಣದ ಹಂತದಲ್ಲಿ ನೋಡಿದ್ರೆ ಗಂಡಸ್ರು ಹೆಂಗಸ್ರು ಹೆಚ್ಚುಕಡಿಮೆ ಸರಿಸಮ. ನಮ್ಮಲ್ಲಿ ಹೆಂಗಸ್ರ ಬೆನ್ನುನೋವಿಗೆ ಒಂದು ರೆಡಿ ಉತ್ತರ ಇದೆಯಲ್ಲ, "ಸಿಸೇರಿಯನ್ ಮಾಡುವಾಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರು, ಅದ್ರದ್ದೇ". ಆ ಉತ್ತರದ ಅಡಿಗೆ ಎಷ್ಟೋ ಜನರ ಕಾಯಿಲೆ ಅಡಗಿ ಕೂತಿರ್ತದೆ. ಅದ್ರ ಜೊತೆಗೆ ಇನ್ನೊಂದು ತ್ರಾಸು, ಹೆರಿಗೆ ಆಗಿ ಕೆಲವು ತಿಂಗಳು ಎಸ್‌ಐ ಜಾಯಿಂಟಿನ ಎಂಆರ್‌ಐಲಿ ಉರಿಯೂತದ ತರವೇ ನೀರು ಕಾಣಬಹುದು, ಕಾಯಿಲೆ ಇಲ್ದೇ. ಜೋರು ಓಟ ಆಟ ಆಡೋರಿಗೂ ಹಾಗೇ. ಫಿಲ್ಮ್ ಒಂದನ್ನೇ ನಂಬಿದ್ರೆ ಎರಡೂ ಕಡೆ ಪೆಟ್ಟು.

ಈಗ ಇವೆಲ್ಲ ಒಂದೇ ಗುಂಪು ಎಂತಕ್ಕೆ ಅಂತ. ರುಮಟಾಯ್ಡಿನಲ್ಲಿ ಉರಿಯೂತ ಶುರುವಾಗುದು ಸಂದಿನ ಒಳಪದರದಲ್ಲಿ. ಈ ಗುಂಪಿನಲ್ಲಿ ಮುಖ್ಯವಾಗಿ ಪೆಟ್ಟು ತಿನ್ನುದು ಸ್ನಾಯುವಿನ ದಾರ ಬಂದು ಎಲುಬಿಗೆ ಅಂಟೋ ಜಾಗ, ಎಂಥೆಸಿಸ್ ಅಂತ. ದೋಣಿಯ ಹಗ್ಗವನ್ನ ದಡದ ಗೂಟಕ್ಕೆ ಕಟ್ತಾರಲ್ಲ, ಹಗ್ಗವೂ ಗಟ್ಟಿ ಗೂಟವೂ ಗಟ್ಟಿ, ಎಳೆತ ಎಲ್ಲಾ ಬೀಳುದು ಗಂಟು ಹಾಕಿದ ಜಾಗಕ್ಕೆ, ಹಾಗೆ. ಹಿಮ್ಮಡಿಯ ಹಿಂದೆ, ಅಂಗಾಲಿನ ಹಿಮ್ಮಡಿ ಬದಿ, ಮೊಣಕಾಲ ಚಿಪ್ಪಿನ ಕೆಳಗೆ, ಎದೆಗೂಡಿನ ಮುಂದೆ ಇಂತಾ ಜಾಗ ಸುಮಾರು ಇದೆ. 25 ವರ್ಷದ ಹುಡುಗನಿಗೆ ಎರಡೂ ಹಿಮ್ಮಡಿ ಬೆಳಿಗ್ಗೆ ನೆಲಕ್ಕೆ ಊರ್ಲಿಕ್ಕೆ ಆಗದ ಹಾಗೆ ನೋವು, ವರ್ಷಗಟ್ಟಲೆ ಬಿಡುದೇ ಇಲ್ಲ ಅಂದ್ರೆ ಚಪ್ಪಲಿ ಬದಲಾಯಿಸು ಅಂತ ಕಳ್ಸಿ ಸುಮ್ನಾಗ್ಬಾರ್ದು, ಬೆನ್ನಿನದ್ದೂ ಕೇಳ್ಬೇಕು. ಇದೇ ಉರಿಯೂತ ಆರಿದ ಜಾಗದಲ್ಲಿ ಹೊಸ ಎಲುಬು ಬೆಳಿತದೆ, ಬೆನ್ನು ಕೂಡಿಹೋಗುದೂ ಹಾಗೇ.

ಗುಂಪಿನ ಎರಡನೇ ದೊಡ್ಡ ಕಾಯಿಲೆ ಸೋರಿಯಾಟಿಕ್ ಆರ್ಥ್ರೈಟಿಸ್. ನನಗೆ ಇದ್ರ ಬಗ್ಗೆ ಜಾಸ್ತಿ ಬರೀಬೇಕು ಅನ್ಸ್ತದೆ ಯಾಕಂದ್ರೆ ಇದಕ್ಕೆ ಬರೋ ಪೇಷಂಟು ಚರ್ಮದ ಡಾಕ್ಟ್ರಿಗೆ ಗಂಟುನೋವು ಹೇಳುದಿಲ್ಲ, ಎಲುಬಿನ ಡಾಕ್ಟ್ರಿಗೆ ಚರ್ಮ ತೋರ್ಸುದಿಲ್ಲ. ಸೋರಿಯಾಸಿಸ್ ಇದ್ದವ್ರಲ್ಲಿ ಹೆಚ್ಚೆಂದ್ರೆ ಮೂರರಲ್ಲಿ ಒಬ್ರಿಗೆ ಗಂಟು ಹಿಡಿತದೆ. ಹೆಚ್ಚಿನವ್ರಿಗೆ ಮೊದ್ಲು ಚರ್ಮ, ಎಷ್ಟೋ ವರ್ಷದ ಮೇಲೆ ಗಂಟು, ಆದ್ರೆ ಕೆಲವ್ರಿಗೆ ಗಂಟೇ ಮೊದ್ಲು, ಆಗ ಗೊತ್ತುಹಚ್ಚುದು ಕಷ್ಟ. ಮೊಣಕೈ ಮೊಣಕಾಲ ಮೇಲೆ ಬೆಳ್ಳಿ ಬಣ್ಣದ ಹೊಟ್ಟೇಳೋ ದಪ್ಪ ಕಲೆ ಆದ್ರೆ ಯಾರಿಗೂ ಕಾಣ್ತದೆ. ಅಡಗಿ ಕೂರೋ ಜಾಗ ಬೇರೆ, ತಲೆಕೂದಲ ಅಂಚು, ಕಿವಿಯ ಹಿಂದೆ, ಹೊಕ್ಕಳು, ಕುಂಡೆಯ ಸೀಳು. ತಲೆಲಿ ಹೊಟ್ಟು ಅಂತ ಹತ್ತು ವರ್ಷ ಶಾಂಪೂ ಬದಲಾಯಿಸಿದವ್ರದ್ದು ಸೋರಿಯಾಸಿಸ್ ಇರ್ಬಹುದು.

ಉಗುರು ನೋಡಿ. ಸೂಜಿಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ, ಇಲ್ಲಾಂದ್ರೆ ತುದಿಯಿಂದ ಉಗುರು ಎದ್ದು ಬಂದು ಹಳದಿ ಬಣ್ಣ. ಅಡಿಕೆ ಸುಲಿಯೋ, ತೋಟದ ಕೆಸರಲ್ಲಿ ಕೆಲ್ಸ ಮಾಡೋ ಕೈಗೆ ಉಗುರು ಕೆಡುದು ಸಾಮಾನ್ಯ, ಫಂಗಸ್ಸೂ ಆಗ್ತದೆ, ಅದಕ್ಕೇ ಯಾರೂ ತಲೆಕೆಡಿಸ್ಕೊಳ್ಳುದಿಲ್ಲ. ಆದ್ರೆ ಉಗುರು ಕೆಟ್ಟ ಬೆರಳಿನದ್ದೇ ತುದಿ ಗಂಟು ಊದಿದೆ ಅಂದ್ರೆ ಅದು ದೊಡ್ಡ ಸುಳಿವು. ರುಮಟಾಯ್ಡ್ ಸಾಮಾನ್ಯವಾಗಿ ಉಗುರಿನ ಹತ್ರದ ತುದಿ ಗಂಟನ್ನ ಬಿಟ್ಟು ಬೆರಳಿನ ಬುಡ, ನಡು ಗಂಟು, ಮಣಿಕಟ್ಟು ಹಿಡಿತದೆ, ಎರಡೂ ಕೈಲಿ ಒಂದೇ ನಮೂನೆ. ಸೋರಿಯಾಟಿಕ್ ಅಡ್ಡಾದಿಡ್ಡಿ, ಈ ಕೈಯ ಎರಡು ಬೆರಳು, ಆ ಕಾಲಿನ ಒಂದು ಬೆರಳು. ಒಂದೊಂದ್ಸಲ ಇಡೀ ಬೆರಳೇ ಬುಡದಿಂದ ತುದಿವರೆಗೆ ಊದಿ ಕೆಂಪಾಗ್ತದೆ, ಡ್ಯಾಕ್ಟಿಲೈಟಿಸ್ ಅಂತ, ರುಮಟಾಯ್ಡಿನಲ್ಲಿ ಅದು ಸಿಗುದು ಕಡಿಮೆ. ವಯಸ್ಸಾದ ಅಮ್ಮಂದಿರ ಬೆರಳ ತುದಿ ಗಂಟು ಗಟ್ಟಿಯಾಗಿ ಉಬ್ಬಿರ್ತದಲ್ಲ, ಅದು ಹೆಚ್ಚಾಗಿ ಸವೆತ, ಮುಟ್ಟಿದ್ರೆ ಎಲುಬೇ ಸಿಗ್ತದೆ, ಮೆತ್ತಗಿನ ಊತ ಅಲ್ಲ. 2006ರಲ್ಲಿ ಬಂದ ಕ್ಯಾಸ್ಪರ್ ಮಾನದಂಡ ಲೆಕ್ಕಕ್ಕೆ ತಗೊಳ್ಳುದೂ ಇವನ್ನೇ, ಚರ್ಮದಲ್ಲಿ ಸೋರಿಯಾಸಿಸ್ ಈಗ ಇದೆಯಾ, ಹಿಂದೆ ಇತ್ತಾ, ಮನೆಯವ್ರಿಗಿದೆಯಾ, ಉಗುರು, ಇಡೀ ಬೆರಳಿನ ಊತ, ಆರ್‌ಎ ನೆಗೆಟಿವ್, ಎಕ್ಸ್‌ರೇಲಿ ಗಂಟಿನ ಪಕ್ಕ ಹೊಸ ಎಲುಬು. ಮನೆಯವ್ರಿಗಿದ್ರೂ ಲೆಕ್ಕಕ್ಕೆ ಬರ್ತದೆ ಅನ್ನುದನ್ನ ಮರೀಬೇಡಿ, ಅಪ್ಪನ ಚರ್ಮದ ಕಾಯಿಲೆ ಮಗಳ ಗಂಟುನೋವಿನ ಉತ್ತರ ಆಗಿರಬಹುದು.

ಸೋರಿಯಾಟಿಕ್ ಬೆನ್ನಿಗೂ ಬರ್ತದೆ, ಆದ್ರೆ ನಮೂನೆ ಬೇರೆ. ಆಂಕಿಲೋಸಿಂಗಿನಲ್ಲಿ ಎರಡೂ ಬದಿ ಎಸ್‌ಐ ಜಾಯಿಂಟ್ ಹೆಚ್ಚುಕಡಿಮೆ ಸಮನಾಗಿ ಕೆಡ್ತದೆ, ಕೆಳಗಿಂದ ಮೇಲಕ್ಕೆ ಹೋಗ್ತದೆ, ಬೆಳೆಯೋ ಎಲುಬಿನ ಸೇತುವೆ ತೆಳು. ಸೋರಿಯಾಟಿಕ್‌ನಲ್ಲಿ ಒಂದು ಬದಿ ಜಾಸ್ತಿ ಒಂದು ಬದಿ ಕಡಿಮೆ, ಮಧ್ಯೆ ಮಧ್ಯೆ ಬಿಟ್ಟು ಬಿಟ್ಟು ಹಿಡಿತದೆ, ಕುತ್ತಿಗೆ ಒಂದೇ ಹಿಡಿದು ಕೆಳಗೆ ಏನೂ ಇಲ್ಲದಿರುದೂ ಉಂಟು, ಸೇತುವೆ ದಪ್ಪ ಒರಟು. ಬಿ27 ಪಾಸಿಟಿವ್ ಇರೋರೂ ಇದ್ರಲ್ಲಿ ಕಡಿಮೆ. ರಿಯಾಕ್ಟಿವ್ ಬೆನ್ನಿಗೆ ಬಂದ್ರೆ ಹೆಚ್ಚಾಗಿ ಸೋರಿಯಾಟಿಕ್ ನಮೂನೆ, ಕರುಳಿಂದು ಬಂದ್ರೆ ಆಂಕಿಲೋಸಿಂಗ್ ನಮೂನೆ.

ರಿಯಾಕ್ಟಿವ್ ಅಂದ್ರೆ ಬೇರೆಲ್ಲೋ ಸೋಂಕಾಗಿ, ಅದು ಆರಿ, 1ರಿಂದ 4 ವಾರ ಬಿಟ್ಟು ಗಂಟು ಊದುದು. ಮಳೆಗಾಲದಲ್ಲಿ ಹೊಟ್ಟೆ ಕೆಟ್ಟು ನಾಲ್ಕು ದಿನ ಭೇದಿ ಆಯ್ತು, ಸಾಲ್ಮೊನೆಲ್ಲಾ, ಶಿಗೆಲ್ಲಾ ತರದ್ದು, ವಾಸಿನೂ ಆಯ್ತು, ಮರೆತೇ ಹೋಯ್ತು. ಮೂರು ವಾರಕ್ಕೆ ಒಂದು ಮೊಣಕಾಲು, ಒಂದು ಪಾದದ ಕೀಲು ಊದಿ ನಿಲ್ತದೆ. ಹೊಟ್ಟೆಗೂ ಮೊಣಕಾಲಿಗೂ ಯಾರು ಸಂಬಂಧ ಜೋಡಿಸ್ತಾರೆ? ಇನ್ನೊಂದು ದಾರಿ ಕ್ಲಮೈಡಿಯಾ, ಲೈಂಗಿಕ ಸಂಪರ್ಕದಿಂದ ಬರೋ ಸೋಂಕು, ಉರಿ ಮೂತ್ರ ಆಗಿರ್ತದೆ, ಅದನ್ನಂತೂ ಮನೆಯವ್ರು ಪಕ್ಕದಲ್ಲಿ ಕೂತಿದ್ರೆ ಯಾರೂ ಬಾಯಿ ಬಿಡುದಿಲ್ಲ. ಇಂತಾ ಸಂದೇಹ ಇದ್ರೆ ಜೊತೆಗೆ ಬಂದವ್ರನ್ನ ಹೊರಗೆ ಕೂರ್ಸಿ ಡಾಕ್ಟ್ರ ಹತ್ರ ಒಬ್ರೇ ಹೇಳಿ, ಅವ್ರಿಗೆ ಇದು ದಿನಾ ಕೇಳೋ ವಿಷಯ. ಸುಮಾರು ಜನಕ್ಕೆ ಇದು ಕೆಲವು ತಿಂಗಳಿಂದ ಒಂದು ವರ್ಷದೊಳಗೆ ತನ್ನಷ್ಟಕ್ಕೆ ಇಳಿತದೆ, ಕೆಲವ್ರಿಗೆ ಉಳಿತದೆ. ಆದ್ರೆ ಒಂದೇ ಗಂಟು ಜ್ವರದ ಜೊತೆ ಇದ್ದಕ್ಕಿದ್ದ ಹಾಗೆ ಊದಿ ಬಿಸಿಯಾದ್ರೆ ರಿಯಾಕ್ಟಿವ್ ಅಂತ ನಾವೇ ಅಂದ್ಕೊಂಡು ಕೂರ್ಬಾರ್ದು, ಗಂಟಿನೊಳಗೇ ಕೀವಾಗಿರಬಹುದು, ಅವತ್ತೇ ನೀರು ತೆಗೆದು ನೋಡ್ಬೇಕು.

ಕರುಳಿಂದು ಅಂದ್ರೆ ಕ್ರೋನ್ಸ್ ಮತ್ತೆ ಅಲ್ಸರೇಟಿವ್ ಕೊಲೈಟಿಸ್ ಅನ್ನೋ ಕರುಳಿನ ಉರಿಯೂತದ ಕಾಯಿಲೆಗಳ ಜೊತೆ ಬರುದು. ತಿಂಗಳುಗಟ್ಟಲೆ ಭೇದಿ, ಮಲದಲ್ಲಿ ರಕ್ತ, ತೂಕ ಇಳಿಯುದು. ನಮ್ಮಲ್ಲಿ ಮಲದಲ್ಲಿ ರಕ್ತ ಅಂದ್ರೆ ಮೂಲವ್ಯಾಧಿ ಅಂತ ನಿರ್ಧಾರ ಮಾಡಿ ನಾಟಿ ಔಷಧಿ ತರ್ಲಿಕ್ಕೆ ಹೋಗ್ತಾರೆ. ಇದ್ರಲ್ಲಿ ಒಂದು ವಿಚಿತ್ರ, ಕಾಲಿನ ನಾಲ್ಕಾರು ದೊಡ್ಡ ಗಂಟು ಊದೋ ನಮೂನೆ ಇದ್ರೆ ಅದು ಕರುಳಿನ ಜೊತೆಗೇ ಏರಿ ಇಳಿತದೆ, ಕರುಳು ಹತೋಟಿಗೆ ಬಂದ್ರೆ ಗಂಟೂ ಬರ್ತದೆ. ಬೆನ್ನಿನದ್ದು ಮಾತ್ರ ಕರುಳಿನ ಮಾತೇ ಕೇಳುದಿಲ್ಲ, ತನ್ನ ದಾರಿ ತನಗೆ. ಮತ್ತೆ ಇವ್ರಿಗೆ ಡೈಕ್ಲೋಫಿನಾಕ್ ತರದ ನೋವಿನ ಮಾತ್ರೆ ಕರುಳನ್ನ ಕೆದಕಬಹುದು, ಮೆಡಿಕಲ್ ಶಾಪಿಂದ ಸೀದಾ ತಗೊಂಡು ನುಂಗೋರು ಇದನ್ನ ನೋಡ್ಕೊಳ್ಬೇಕು.

ಈ ಎಲ್ಲಾ ನಾಲ್ಕಕ್ಕೂ ಸಾಮಾನ್ಯವಾದ ಒಂದು ವಿಷಯ ಕಣ್ಣು. ಮುಂಭಾಗದ ಯುವಿಐಟಿಸ್ ಅಂತ, ಕಣ್ಣಿನೊಳಗಿನ ಉರಿಯೂತ, ಆಂಕಿಲೋಸಿಂಗ್ ಇದ್ದವ್ರಲ್ಲಿ ಸುಮಾರು ನಾಲ್ಕರಲ್ಲಿ ಒಬ್ರಿಗೆ ಯಾವಾಗಾದ್ರೂ ಬರ್ತದೆ. ಒಂದೇ ಕಣ್ಣು, ಇದ್ದಕ್ಕಿದ್ದ ಹಾಗೆ ಕೆಂಪು, ಒಳಗಿಂದ ನೋವು, ಬೆಳಕು ನೋಡ್ಲಿಕ್ಕಾಗುದಿಲ್ಲ, ಮಸುಕು. ಮದ್ರಾಸ್ ಐ ಆದ್ರೆ ಪಿಸುರು ಬರ್ತದೆ, ಒಂದರಿಂದ ಇನ್ನೊಂದಕ್ಕೆ ಹರಡ್ತದೆ, ಮನೆಲಿ ಬೇರೆಯವ್ರಿಗೂ ಬರ್ತದೆ. ಯುವಿಐಟಿಸ್‌ನಲ್ಲಿ ಪಿಸುರು ಇಲ್ಲ. ಇದಕ್ಕೆ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕ್ಕೊಂಡು ವಾರ ಕಾಯುದು ಬೇಡವೇ ಬೇಡ, ದೃಷ್ಟಿಗೆ ಅಪಾಯ, ಅದೇ ದಿನ ಇಲ್ಲಾ ಮರುದಿನ ಕಣ್ಣಿನ ಡಾಕ್ಟ್ರನ್ನ ಕಾಣ್ಬೇಕು. ಕಣ್ಣಿನ ಡಾಕ್ಟ್ರು "ಬೆನ್ನು ನೋಯ್ತದಾ" ಅಂತ ಕೇಳಿದ್ರೆ ಇವ್ರಿಗೆಂತಕ್ಕೆ ಬೆನ್ನಿನ ಸುದ್ದಿ ಅಂದ್ಕೊಳ್ಬೇಡಿ, ಎಷ್ಟೋ ಜನರ ಕಾಯಿಲೆ ಸಿಕ್ಕಿದ್ದೇ ಆ ಪ್ರಶ್ನೆಯಿಂದ.

ಇನ್ನು ಮೋಸ ಮಾಡೋ ಬೇರೆ ಕಾಯಿಲೆಗಳು. ಚಿಕುನ್‌ಗುನ್ಯಾ ಎಲ್ರಿಗೂ ಗೊತ್ತು, 2006ರಲ್ಲಿ ಕರ್ನಾಟಕದಲ್ಲಿ ಜೋರಾಗಿ ಹಬ್ಬಿತ್ತು, ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೈ ಬೆರಳು, ಮಣಿಕಟ್ಟು, ಪಾದ ನೋಯ್ತದೆ, ಊದ್ತದೆ, ನೋಡ್ಲಿಕ್ಕೆ ರುಮಟಾಯ್ಡ್ ತರನೇ. ಗೌಟು, ಅಂದ್ರೆ ಯೂರಿಕ್ ಆಸಿಡ್ ಹರಳು ಗಂಟಲ್ಲಿ ಕೂತು ಬರೋ ಕಾಯಿಲೆ, ರಾತ್ರಿ ಬೆಳಗಾಗೋದ್ರೊಳಗೆ ಹೆಬ್ಬೆರಳಿನ ಬುಡ ಕೆಂಪಾಗಿ ಹೊದಿಕೆ ತಾಗಿದ್ರೂ ಕೂಗೋ ಹಾಗೆ ಮಾಡ್ತದೆ, ವಾರ ಹತ್ತು ದಿನಕ್ಕೆ ಪೂರ್ತಿ ಹೋಗ್ತದೆ, ಮತ್ತೆ ಬರ್ತದೆ. ತಾರ್ಲೆ, ಬಂಗಡೆ, ಸಿಗಡಿಲಿ ಯೂರಿಕ್ ಆಸಿಡ್ ಆಗಿ ಬದಲಾಗೋ ಪ್ಯೂರಿನ್ ಜಾಸ್ತಿ ಇರುದು ನಿಜ, ಗೌಟ್ ಇದ್ದವ್ರು ಲೆಕ್ಕ ಇಟ್ಟು ತಿನ್ಬೇಕು. ಆದ್ರೆ ಬೆನ್ನಿನ ಉರಿಯೂತ ಇದ್ದ ಹುಡುಗನಿಗೂ "ಮೀನು ಬಿಡು" ಅಂತ ಹೇಳಿ ಕಾರವಾರದವ್ನ ಊಟವನ್ನೇ ಹಾಳು ಮಾಡುದ್ರಲ್ಲಿ ಅರ್ಥ ಇಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಘಟ್ಟದ ಮೇಲಿನವ್ರಿಗೆ, ಅಂದ್ರೆ ಶಿರಸಿ ಸಿದ್ದಾಪುರ ಬದಿ ಕೊಟ್ಟಿಗೆ ಇರೋ ಮನೆಯವ್ರಿಗೆ ಒಂದು ಮಾತು. ಬ್ರುಸೆಲ್ಲಾ ಅನ್ನೋ ಸೋಂಕು ದನಗಳಿಂದ ಬರ್ತದೆ, ಕಂದು ಹಾಕಿದ ದನದ ಮಾಸು ಬರಿಗೈಲಿ ಎತ್ತಿದ್ರೆ, ಕಾಯಿಸದ ಹಾಲು ಕುಡಿದ್ರೆ. ಅದು ಎಸ್‌ಐ ಜಾಯಿಂಟಿಗೆ ಹೋಗಿ ಕೂರೋ ಚಾಳಿ ಇದೆ, ಸಾಮಾನ್ಯಕ್ಕೆ ಒಂದೇ ಬದಿ, ಬಿಟ್ಟು ಬಿಟ್ಟು ಜ್ವರ, ಬೆವರು. ಎಂಆರ್‌ಐಲಿ ನೋಡಿದ್ರೆ ಸ್ಪಾಂಡಿಲೋ ಆರ್ಥ್ರೈಟಿಸ್ ಅಂತಲೇ ಅನ್ನಿಸ್ಬಹುದು, ಆದ್ರೆ ಚಿಕಿತ್ಸೆ ಪೂರ್ತಿ ಬೇರೆ, ಆಂಟಿಬಯೋಟಿಕ್. ಡಾಕ್ಟ್ರು ಕೇಳದಿದ್ರೂ ಮನೆಲಿ ದನ ಇದೆ, ಇತ್ತೀಚೆಗೆ ಕಂದು ಹಾಕಿತ್ತು ಅಂತ ನೀವೇ ಹೇಳಿ. ಬೆನ್ನಿನ ಟಿಬಿನೂ ಹಾಗೇ, ರಾತ್ರಿ ನೋವು, ಸಂಜೆ ಜ್ವರ, ತೂಕ ಇಳಿಯುದು. ವಯಸ್ಸಾದ ಡಯಾಬಿಟಿಸ್ ಇರೋರಲ್ಲಿ ಬೆನ್ನೆಲುಬಿನ ಉದ್ದಕ್ಕೂ ಎಲುಬು ಬೆಳೆದು ಕೂಡೋ ಡಿಶ್ ಅನ್ನೋದೊಂದಿದೆ, ಎಕ್ಸ್‌ರೇ ನೋಡಿ ಹೆದರಿ ಬರ್ತಾರೆ, ಅದ್ರಲ್ಲಿ ಎಸ್‌ಐ ಜಾಯಿಂಟ್ ಸಾಮಾನ್ಯವಾಗಿ ಚೆನ್ನಾಗೇ ಇರ್ತದೆ.

ಹೆಸ್ರು ಏನಾದ್ರೇನು, ನೋವಿನ ಮಾತ್ರೆ ಒಂದೇ ಅಲ್ವಾ ಅಂತ ಕೇಳೋರಿದ್ದಾರೆ. ಒಂದೇ ಅಲ್ಲ. ಮೆಥೊಟ್ರೆಕ್ಸೇಟ್ ರುಮಟಾಯ್ಡಿಗೆ ಮುಖ್ಯ ಔಷಧಿ, ಸೋರಿಯಾಟಿಕ್ ಗಂಟಿಗೂ ಕೊಡ್ತಾರೆ, ಆದ್ರೆ ಬೆನ್ನೊಂದೇ ಹಿಡಿದವ್ರಿಗೆ ಅದ್ರಿಂದ ಪ್ರಯೋಜನ ಇಲ್ಲ, ಸಲ್ಫಾಸಲಜೀನ್ ಅನ್ನೋ ಇನ್ನೊಂದು ಔಷಧಿನೂ ಬೆನ್ನಿಗೆ ನಾಟುದಿಲ್ಲ. (ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ನುಂಗೋ ಔಷಧಿ, ತಪ್ಪಿ ದಿನಾ ನುಂಗಿದ್ರೆ ಜೀವಕ್ಕೆ ಅಪಾಯ, ಮನೆಲಿ ಯಾರಾದ್ರೂ ತಗೊಳ್ತಿದ್ರೆ ಕ್ಯಾಲೆಂಡರಲ್ಲಿ ವಾರ ಗುರ್ತು ಹಾಕಿ ಇಡಿ.) ಬೆನ್ನಿಗೆ ಮೊದ್ಲ ಔಷಧಿ ಉರಿಯೂತ ಇಳಿಸೋ ನೋವಿನ ಮಾತ್ರೆ, ನ್ಯಾಪ್ರಾಕ್ಸೆನ್, ಎಟೊರಿಕಾಕ್ಸಿಬ್ ತರದ್ದು, ಡಾಕ್ಟ್ರು ಕಿಡ್ನಿ ಬಿಪಿ ನೋಡ್ಕೊಂಡು ಪೂರ್ತಿ ಡೋಸಲ್ಲಿ ಕೊಡ್ತಾರೆ, ಜೊತೆಗೆ ದಿನಾ ವ್ಯಾಯಾಮ. ಅದ್ರಲ್ಲಿ ಬಗ್ಗದಿದ್ರೆ ಬಯಾಲಜಿಕ್ ಇಂಜೆಕ್ಷನ್, ಅಂದ್ರೆ ಉರಿಯೂತ ಎಬ್ಬಿಸೋ ಒಂದು ಪ್ರೋಟೀನನ್ನೇ ಹುಡುಕಿ ತಡೆಯೋ ಔಷಧಿ, ಅಡಾಲಿಮುಮಾಬ್, ಎಟನರ್ಸೆಪ್ಟ್, ಸೆಕುಕಿನುಮಾಬ್. ಇಲ್ಲೂ ಹೆಸ್ರು ಮುಖ್ಯ. ಎಟನರ್ಸೆಪ್ಟ್ ಕ್ರೋನ್ಸ್‌ಗೆ ಕೆಲ್ಸ ಮಾಡುದಿಲ್ಲ, ಕಣ್ಣಿಗೂ ಅಷ್ಟು ಒಳ್ಳೇದಲ್ಲ. ಸೆಕುಕಿನುಮಾಬ್ ಸೋರಿಯಾಸಿಸ್ ಚರ್ಮಕ್ಕೆ ಬಹಳ ಒಳ್ಳೇದು, ಆದ್ರೆ ಕರುಳಿನ ಉರಿಯೂತ ಇದ್ದವ್ರಿಗೆ ಅದು ಕೆಡಿಸ್ಬಹುದು. ಶುರು ಮಾಡುವ ಮೊದ್ಲು ಟಿಬಿ ಅಡಗಿದೆಯಾ ಅಂತ ಎದೆ ಎಕ್ಸ್‌ರೇ, ಟಿಬಿ ಟೆಸ್ಟ್ ಆಗ್ಲೇಬೇಕು, ನಮ್ಮ ದೇಶದಲ್ಲಿ ಅದನ್ನ ಬಿಡ್ಲಿಕ್ಕೇ ಬರುದಿಲ್ಲ. ದುಡ್ಡಿನ ವಿಷಯ ಹೇಳ್ಬೇಕಂದ್ರೆ, 2014ರಲ್ಲಿ ಜೈಡಸ್ ಕಂಪನಿ ಅಡಾಲಿಮುಮಾಬ್‌ನ ದೇಶೀ ರೂಪ ತಂದ ಮೇಲೆ ಮೊದ್ಲಿನಷ್ಟು ಕೈಗೆಟುಕದ ಔಷಧಿ ಅಲ್ಲ ಅದು, ಅಗ್ಗ ಅಂತೂ ಅಲ್ಲ.

ಸ್ಟಿರಾಯ್ಡ್ ಮಾತ್ರೆ ಬಗ್ಗೆ ಎರಡು ಮಾತು. ಯಾವ ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಮಾತ್ರೆ ತಗೊಂಡ್ರೆ ಎರಡೇ ದಿನಕ್ಕೆ ಪವಾಡ ಆಯ್ತು ಅಂದ್ರೆ ಅದ್ರಲ್ಲಿ ಸ್ಟಿರಾಯ್ಡ್ ಇರೋ ಸಾಧ್ಯತೆ ಇದೆ. ಬೆನ್ನಿನ ಕಾಯಿಲೆಗೆ ದೀರ್ಘಕಾಲ ಅದನ್ನ ಕೊಡುದಿಲ್ಲ. ಸೋರಿಯಾಸಿಸ್ ಇದ್ದವ್ರು ಸ್ಟಿರಾಯ್ಡ್ ತಗೊಂಡು ಫಕ್ಕನೆ ಬಿಟ್ರೆ ಮೈತುಂಬ ಕೀವಿನ ಗುಳ್ಳೆ ಎದ್ದು ಆಸ್ಪತ್ರೆ ಸೇರೋ ಪರಿಸ್ಥಿತಿ ಬರಬಹುದು. ಲಕ್ಕಿ ಸೊಪ್ಪಿನ ಬಿಸಿನೀರು, ಎಣ್ಣೆ ಶಾಖ ಇವಕ್ಕೆ ನನ್ನ ತಕರಾರಿಲ್ಲ, ಬಿಗಿ ಹನಿ ಬಿಡ್ತದೆ, ಕಾಯಿಲೆ ನಿಲ್ಲುದಿಲ್ಲ ಅಷ್ಟೇ. ಸಿಗರೇಟು ಬೀಡಿ ಮಾತ್ರ ಬಿಡ್ಬೇಕು, ಬೆನ್ನು ಕೂಡುದನ್ನ ಅದು ಜಾಸ್ತಿ ಮಾಡ್ತದೆ. ಮತ್ತೆ ಬೆನ್ನು ಪೂರ್ತಿ ಕೂಡಿದವ್ರಿಗೆ ಜೋರಾಗಿ ತಿರುಚೋ, "ನೆಟಿಗೆ ತೆಗೆಯೋ" ಮಾಲೀಶು ಯಾವ ಕಾರಣಕ್ಕೂ ಬೇಡ, ಆ ಎಲುಬು ಒಳಗೆ ಟೊಳ್ಳಾಗಿರ್ತದೆ, ಸಣ್ಣ ಪೆಟ್ಟಿಗೂ ಮುರಿತದೆ.

ಹೆಸ್ರು ಒಂದ್ಸಲ ಇಟ್ಟ ಮೇಲೆ ಬದಲಾಗಬಾರ್ದು ಅಂತಿಲ್ಲ. ಇವತ್ತು ಯಾವ್ದಕ್ಕೂ ಸೇರದ ಒಂದು ಮೊಣಕಾಲ ಊತ, ಮೂರು ವರ್ಷದ ಮೇಲೆ ತಲೆಲಿ ಸೋರಿಯಾಸಿಸ್ ಎದ್ರೆ ಅದು ಸೋರಿಯಾಟಿಕ್ ಆಗ್ತದೆ. ಮೊದ್ಲ ಡಾಕ್ಟ್ರಿಗೆ ಗೊತ್ತಾಗ್ಲಿಲ್ಲ ಅಂತ ಬೈಯುದು ಸಮ ಅಲ್ಲ, ಕಾಯಿಲೆನೇ ಆಗ ಅಷ್ಟೇ ತೋರ್ಸಿತ್ತು. ಹಾಗಿದ್ರೂ ಬೆನ್ನುನೋವು ಶುರುವಾಗಿ ಸರಿಯಾದ ಹೆಸ್ರು ಸಿಗ್ಲಿಕ್ಕೆ ಜಗತ್ತಿನಲ್ಲೇ ಸರಾಸರಿ 6-7 ವರ್ಷ ಹೋಗ್ತದೆ, ಅದು ಬಹಳ ಆಯ್ತು.

ಇದನ್ನ ನೋಡೋ ಡಾಕ್ಟ್ರಿಗೆ ರುಮಟಾಲಜಿಸ್ಟ್ ಅಂತಾರೆ. ನಮ್ಮ ಜಿಲ್ಲೆಯವ್ರು ಸಾಮಾನ್ಯವಾಗಿ ಹೋಗುದು ಮಣಿಪಾಲ, ಮಂಗಳೂರು, ಘಟ್ಟದ ಮೇಲಿನವ್ರು ಹುಬ್ಬಳ್ಳಿ, ಕಾರವಾರದವ್ರು ಗೋವಾ. ತಿಂಗಳ ನಂತರದ ಅಪಾಯಿಂಟ್‌ಮೆಂಟಿಗೆ ಅಷ್ಟು ದೂರ ಹೋಗುವಾಗ ಒಂದು ತ್ರಾಸು ಆಗ್ತದೆ, ಅಲ್ಲಿ ಮುಟ್ಟುವ ಹೊತ್ತಿಗೆ ಬೆರಳಿನ ಊತ ಇಳಿದಿರ್ತದೆ, ಕಣ್ಣು ಬೆಳ್ಳಗಾಗಿರ್ತದೆ, ಡಾಕ್ಟ್ರ ಮುಂದೆ ತೋರ್ಸ್ಲಿಕ್ಕೆ ಏನೂ ಉಳಿದಿರುದಿಲ್ಲ. ಹಾಗಾಗಿ ಊದಿದ ದಿನವೇ ಮೊಬೈಲಲ್ಲಿ ಫೋಟೋ ತೆಗೆದಿಡಿ, ಬೆರಳು, ಉಗುರು, ಕೆಂಪು ಕಣ್ಣು, ಚರ್ಮದ ಕಲೆ ಎಲ್ಲದರದ್ದು, ಫೋಟೋ ತೆಗೆದ ದಿನ ಫೋನಲ್ಲೇ ಇರ್ತದೆ. ನೋವಿನ ಮಾತ್ರೆ ತಗೊಂಡಾಗ ಎಷ್ಟು ಬೇಗ ಎಷ್ಟು ಕಡಿಮೆ ಆಯ್ತು ಅಂತ ಬರೆದಿಡಿ, ಉರಿಯೂತದ ನೋವು ಅದಕ್ಕೆ ಒಂದೆರಡು ದಿನದಲ್ಲೇ ಚೆನ್ನಾಗಿ ಇಳಿಯುದೂ ಒಂದು ಲಕ್ಷಣ. ಹಳೇ ಎಂಆರ್‌ಐದು ಬರೀ ರಿಪೋರ್ಟ್ ಕಾಗದ ಸಾಲುದಿಲ್ಲ, ಸಿಡಿನೂ ತಗೊಂಡು ಹೋಗಿ, ಯಾಕಂದ್ರೆ ಡಿಸ್ಕ್ ನೋಡ್ಲಿಕ್ಕೆ ತೆಗೆದ ಫಿಲ್ಮಿನ ಅಂಚಿನಲ್ಲಿ ಎಸ್‌ಐ ಜಾಯಿಂಟಿನ ಒಂದು ತುಣುಕು ಬಂದಿದ್ರೆ ನೋಡೋ ಕಣ್ಣಿರೋರು ಅಲ್ಲೇ ಹಿಡೀತಾರೆ.